ತ್ಸಾರ್ 1905ರಲ್ಲೇ ಪಟ್ಟ ಬಿಟ್ಟಿದ್ದರೆ: ಒಂದು ಬೋರ್ಡ್ ಗೇಮ್ ವಿಮರ್ಶೆ

ರಷ್ಯಾದ ತ್ಸಾರ್, ಅಂದರೆ ಚಕ್ರವರ್ತಿ, ಎರಡನೇ ನಿಕೊಲಾಯ್ 1917ರ ಬದಲು 1905ರ ಅಕ್ಟೋಬರ್‌ನಲ್ಲೇ ಸಿಂಹಾಸನ ಬಿಟ್ಟಿದ್ದರೆ? ಈ ಆಟ ಶುರುವಾಗುವುದು ಅಲ್ಲಿಂದ. ಆರಂಭದ ಜೋಡಣೆ ಸೊಗಸಾಗಿದೆ: ಜಪಾನ್ ಜೊತೆಗಿನ ಯುದ್ಧ ನಿಲ್ಲಿಸಿದ ಪೋರ್ಟ್ಸ್‌ಮತ್ ಒಪ್ಪಂದ ಮುಗಿದರೂ ಸೈನ್ಯದ ಬಿಲ್ಲೆಗಳು ಮಂಚೂರಿಯದಲ್ಲೇ ಇವೆ, ಹಳಿಯ ಮೇಲೆ ಮುಷ್ಕರದ ಬಿಲ್ಲೆ ಕೂತಿರುವ ತನಕ ಅವನ್ನು ರಾಜಧಾನಿ ಪೀಟರ್ಸ್‌ಬರ್ಗ್‌ಗೆ ತರಲಾಗದು. ಸುಧಾರಣೆ ಕೊಡಲೇಬೇಕು ಎಂದ ಮಂತ್ರಿ ವಿಟ್ಟೆಯ ಮಾತಿಗೆ ಅರಮನೆ ಯಾಕೆ ಮಣಿಯಿತು ಅನ್ನುವುದು ಈ ಒಂದು ನಿಯಮದಿಂದಲೇ ಅರ್ಥವಾಗುತ್ತದೆ.

ಎಡವಿರುವುದು ಉತ್ತರಾಧಿಕಾರದ ಕಾರ್ಡ್‌ನಲ್ಲಿ. ಮಗ ಅಲೆಕ್ಸೇಯ್‌ನ ಹಕ್ಕನ್ನೂ ತಂದೆಯೇ ಬಿಟ್ಟುಕೊಟ್ಟು, ಕಿರೀಟ ನೇರವಾಗಿ ತಮ್ಮ ಮಿಖಾಯಿಲ್‌ಗೆ ಹೋಗುತ್ತದೆ. ಚಕ್ರವರ್ತಿ ಪಾವೆಲ್ ತಂದ 1797ರ ಉತ್ತರಾಧಿಕಾರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ; 1917ರಲ್ಲಿ ಪ್ಸ್ಕೋವ್‌ನಲ್ಲಿ ಪಟ್ಟ ಬಿಡುವಾಗ ನಿಕೊಲಾಯ್ ಹಾಗೆ ಮಾಡಿದ್ದಕ್ಕೇ ತಕರಾರು ಎದ್ದದ್ದು. ತಂದೆ ಸತ್ತರೂ ಮಿಖಾಯಿಲ್ ರಾಜಪ್ರತಿನಿಧಿ ಮಾತ್ರ ಎಂದು 1904ರ ಘೋಷಣಾಪತ್ರ ಹೇಳಿತ್ತು, ಅದೂ ಹುಡುಗನಿಗೆ 16 ತುಂಬುವ ತನಕ, ಅಂದರೆ 1920ರವರೆಗೆ.

ಆ ಕಾರ್ಡನ್ನು ಪಕ್ಕಕ್ಕಿಡಿ. ವರ್ಷ ತುಂಬಿದ ಕೂಸು ಅಲೆಕ್ಸೇಯ್‌ನ ಬಿಲ್ಲೆ ಸಿಂಹಾಸನದ ಮೇಲಿರಲಿ, ಮಿಖಾಯಿಲ್ ಪಕ್ಕದ ಮನೆಯಲ್ಲಿ. ಹುಡುಗನಿಗಿದ್ದ ಹಿಮೋಫಿಲಿಯಾದ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಗುಟ್ಟು ಕಾಯುವ ಭಾರ ಅರಮನೆಯ ಆಟಗಾರನ ಹೆಗಲಿಗೆ ಬಿದ್ದು, ಆಟಕ್ಕೆ ಜೀವ ಬರುತ್ತದೆ. ಚುನಾಯಿತ ಸಭೆಯಾದ ಡೂಮಾದ ಭಾಗ ಮಾತ್ರ ತೀರಾ ತೆಳು.