ಮಲ್ಲೇಶ್ವರವೋ ಬಸವನಗುಡಿಯೋ: ಅಮ್ಮನ ಜೊತೆ ನಡೆದು ನೋಡಿದ್ದು

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೂರು ವರ್ಷ ಬಾಡಿಗೆಗಿದ್ದೆವು. ಆಮೇಲೆ ಬಸವನಗುಡಿಗೆ ಬಂದೆವು. ಇಲ್ಲೂ ಈಗ ಮೂರು ವರ್ಷ ಆಯಿತು. ಅಮ್ಮನಿಗೆ 74. ತರಕಾರಿ, ಹೂವು, ಮಾತ್ರೆ, ದೇವಸ್ಥಾನ ಎಲ್ಲ ನಡೆದೇ ಮುಗಿಸಬೇಕು, ಯಾರನ್ನೂ ಕಾಯಬಾರದು ಅನ್ನುವುದು ಅವಳ ಹಟ. ಹಾಗಾಗಿ ಎರಡೂ ಬಡಾವಣೆಗಳನ್ನು ನಾನು ಅಳೆದದ್ದು ಅವಳ ನಡಿಗೆಯಲ್ಲೇ.

ಎರಡೂ ಒಂದೇ ಕಾಲದವು. 1890ರ ದಶಕದ ನಕ್ಷೆ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರುವ ಅವಸರ ಹೆಚ್ಚಿತು. ಗಾಳಿ ಬೆಳಕು ಬರಲಿ ಅಂತ ನೇರ ರಸ್ತೆಗಳು, ಮನೆಗಳ ಹಿಂದೆ ಮಲ ಸಾಗಿಸುವ ಗಾಡಿಗಳಿಗೆ ಓಣಿಗಳು. ಅವನ್ನು ಇಂದಿಗೂ ಕನ್ಸರ್ವೆನ್ಸಿ ಲೇನ್ ಅನ್ನುತ್ತಾರೆ.

ಮಲ್ಲೇಶ್ವರದಲ್ಲಿ ದಾರಿ ತಪ್ಪುವ ಮಾತೇ ಇಲ್ಲ. ಉದ್ದಕ್ಕೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಅಡ್ಡಕ್ಕೆ ಸಾಲಾಗಿ ಕ್ರಾಸುಗಳು. ಅಮ್ಮ ಫೋನಿನಲ್ಲಿ "8ನೇ ಕ್ರಾಸಲ್ಲಿದ್ದೀನಿ ಕಣೋ" ಅಂದರೆ ಸಾಕು, ಹೂವಿನವರ ಹತ್ತಿರ ಸಿಗುತ್ತಿದ್ದಳು. ಅರ್ಧ ಗಂಟೆಯಲ್ಲಿ ಹಬ್ಬದ ಸಾಮಾನೆಲ್ಲ ಮುಗಿಯುತ್ತಿತ್ತು. ಕಾಡು ಮಲ್ಲೇಶ್ವರ ದೇವಸ್ಥಾನವೂ ಹತ್ತಿರವೇ.

ಆದರೆ ಸಂಪಿಗೆ ರಸ್ತೆ ದಾಟುವುದು ಕಷ್ಟ. ಒನ್‌ವೇ ಆದ್ದರಿಂದ ಗಾಡಿಗಳು ಜೋರಾಗಿ ಬರುತ್ತವೆ. ಒಂದು ಸಂಜೆ ಮೋರಿಯ ಮೇಲಿನ ಚಪ್ಪಡಿ ಅಲ್ಲಾಡಿ ಅಮ್ಮ ಬಿದ್ದಳು. ಮೂಳೆ ಮುರಿಯಲಿಲ್ಲ, ಧೈರ್ಯ ಹೋಯಿತು. ಎರಡು ತಿಂಗಳು ಅವಳು ಒಬ್ಬಳೇ ಹೊರಗೆ ಹೋಗಲಿಲ್ಲ. ಆ ಚಪ್ಪಡಿಯ ಬಗ್ಗೆ ನಾನು ನಾಲ್ಕು ಸಲ ದೂರು ಕೊಟ್ಟೆ. ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನೊಂದು ಕೊರತೆ, ಕೂರುವ ಜಾಗ. 1882ರ ಸ್ಯಾಂಕಿ ಕೆರೆ ಚೆನ್ನಾಗಿದೆ, ಆದರೆ ನಮ್ಮ ಮನೆಯಿಂದ ಅಲ್ಲಿಗೆ ನಡೆದು ವಾಪಸ್ ಬರುವುದು ಅವಳ ಕೈಲಾಗುತ್ತಿರಲಿಲ್ಲ.

ಬಸವನಗುಡಿ ಗೆದ್ದದ್ದು ಇಲ್ಲೇ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಕೂರಬಹುದು. ಗಾಂಧಿ ಬಜಾರಿನಲ್ಲಿ ಸೊಪ್ಪು ತಗೊಂಡು ಕೃಷ್ಣರಾವ್ ಪಾರ್ಕಿನ ಬೆಂಚಿನಲ್ಲಿ ಹತ್ತು ನಿಮಿಷ. ದೊಡ್ಡ ಬಸವಣ್ಣನ ದರ್ಶನ ಮಾಡಿ ಬ್ಯೂಗಲ್ ರಾಕ್ ಮರಗಳ ಕೆಳಗೆ ಇನ್ನೊಂದಿಷ್ಟು ಹೊತ್ತು. ಬಾವಲಿಗಳ ಗದ್ದಲ ಅವಳಿಗೆ ಇಷ್ಟ. ಬೆಂಚಿನ ಮೇಲೆಯೇ ಇಬ್ಬರು ಸ್ನೇಹಿತೆಯರೂ ಸಿಕ್ಕಿದ್ದಾರೆ. ಮಲ್ಲೇಶ್ವರದಲ್ಲಿ ಅಂಗಡಿಯವರ ಪರಿಚಯವಿತ್ತು, ಗೆಳತಿಯರಿರಲಿಲ್ಲ.

ಇಲ್ಲೂ ತೊಂದರೆ ಇದೆ. ಗಾಂಧಿ ಬಜಾರ್ ರಸ್ತೆ ಅಗೆದಿದ್ದಾಗ ನಡೆಯುವುದೇ ಹಿಂಸೆಯಾಗಿತ್ತು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಆಗ ಆಟೋ ಸಿಗುವುದಿಲ್ಲ, ಡಾಕ್ಟರ ಹತ್ತಿರ ಹೋಗುವ ಕೆಲಸ ಮುಂದಕ್ಕೆ ಹಾಕಬೇಕು. ಅಮ್ಮ ಮಾತ್ರ ಅದನ್ನು ತೊಂದರೆ ಅನ್ನುವುದಿಲ್ಲ, ಬೆಳಗ್ಗೆ ಆರಕ್ಕೇ ಹೋಗಿ ಎರಡು ಸೇರು ತರುತ್ತಾಳೆ.

ಮೆಟ್ರೋ ಎರಡೂ ಕಡೆ ಅಂಚಿಗೇ ಇದೆ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ.

ಬೇಗ ಕೆಲಸ ಮುಗಿಸುವ ಕಾಲುಗಳಿಗೆ ಮಲ್ಲೇಶ್ವರ ಸರಿ. ನನ್ನ ಅಮ್ಮನಂಥವರಿಗೆ ಬಸವನಗುಡಿಯೇ. ಆದರೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇಬ್ಬರೂ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ರೈಲು ಹತ್ತುತ್ತೇವೆ. ರೈಲು ನೆಲದೊಳಗೆ ಇಳಿದು ಹಳೇ ಪೇಟೆಯ ಅಡಿಯಲ್ಲೇ ಹೋಗಿ ಸಂಪಿಗೆ ರಸ್ತೆಯಲ್ಲಿ ಮೇಲೆ ಬರುತ್ತದೆ. 8ನೇ ಕ್ರಾಸಿನ ಹೂವಿನವರು ಅಮ್ಮನನ್ನು ಕಂಡ ಕೂಡಲೇ ಕೇಳುತ್ತಾರೆ, "ಎಷ್ಟು ದಿನ ಆಯ್ತಮ್ಮಾ, ಕಾಲು ಹೇಗಿದೆ?"