ಪಿ-64, ಪಿಎ-63, ಸಿಝಡ್ 82: ಆರು ವರ್ಷ ಬಳಸಿದ ಮೇಲೆ

ಪಿ-64 ಪಿಸ್ತೂಲಿನ ಟ್ರಿಗರ್ ಬಲು ಬಿಗಿ ಎಂದು ಎಲ್ಲರೂ ಎಚ್ಚರಿಸಿದ್ದರು. ನಾನು ನಂಬಿರಲಿಲ್ಲ. ಸುತ್ತಿಗೆ (ಬಡಿದು ಗುಂಡು ಸಿಡಿಸುವ ಹಿಂಬದಿಯ ಭಾಗ) ಮೊದಲೇ ಹಿಂದಕ್ಕೆ ಎಳೆದಿಡದಿದ್ದರೆ, ಮೊದಲ ಗುಂಡಿಗೆ ಹತ್ತು ಕಿಲೋ ಹತ್ತಿರ ಬಲ ಹಾಕಬೇಕು. ಅಷ್ಟರಲ್ಲಿ ಕೈ ನಡುಗಿ ಗುಂಡು ಗುರಿಯ ಕೆಳಗೆ ಹೋಗಿರುತ್ತದೆ. ಸೈನಿಕರಿಗೆ ಇಂಥದ್ದನ್ನು ಹೇಗೆ ಕೊಟ್ಟರೋ!

ನನ್ನ ಹತ್ತಿರ ಇರುವುದು 9×18 ಮಕರೋವ್ ಗುಂಡಿನ ಮೂರು ಹಳೇ ಸೇನಾ ಪಿಸ್ತೂಲುಗಳು. ಪೋಲೆಂಡಿನ ಪಿ-64, ಹಂಗೇರಿಯ ಪಿಎ-63, ಚೆಕೊಸ್ಲೊವಾಕಿಯಾದ ಸಿಝಡ್ 82. (ಮಾಮೂಲಿ 9 ಎಂಎಂ ಗುಂಡು ಇವಕ್ಕೆ ಆಗುವುದಿಲ್ಲ, ದಯವಿಟ್ಟು ಪ್ರಯತ್ನಿಸಬೇಡಿ.) ಕೊಡಗಿನ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೋಕಿಗೆ, ಅಂದರೆ ಕೋವಿಗೆ, ತೋಕ್ ಪೂ ಎಂಬ ಹೂವು ಸಿಕ್ಕಿಸುತ್ತಾ ಬೆಳೆದವನು ನಾನು. ಟೆಕ್ಸಾಸ್‌ಗೆ ಬಂದ ಮೇಲೆ ಸಂಗ್ರಹಕಾರರ ಲೈಸೆನ್ಸ್ ಮಾಡಿಸಿದೆ, ಮೂರು ವರ್ಷಕ್ಕೆ 30 ಡಾಲರ್.

ಮೂರರಲ್ಲೂ ಸ್ಲೈಡನ್ನು (ಗುಂಡು ಹಾರಿದಾಗ ಹಿಂದಕ್ಕೆ ಜಾರುವ ಮೇಲ್ಭಾಗ) ನಳಿಗೆಗೆ ಬಿಗಿದಿಡುವ ಬೀಗ ಇಲ್ಲ. ಒದೆತ ತಡೆಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗು, ಅಷ್ಟೇ. ಹಾಗಾಗಿ ಪಿಸ್ತೂಲು ಹಗುರವಾದಷ್ಟೂ ಕೈಗೆ ಪೆಟ್ಟು ಜಾಸ್ತಿ. ಪಿಎ-63ರ ಚೌಕಟ್ಟು ಅಲ್ಯೂಮಿನಿಯಂನದು. ನೋಡಲು ಚೆಂದ, ಬೆಲೆಯೂ ಕಡಿಮೆ ಇತ್ತು. ಆದರೆ ಐವತ್ತು ಗುಂಡಿನ ಡಬ್ಬಿ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಕೆಂಪಾಗಿರುತ್ತದೆ. ಸಿಝಡ್ 82 ಭಾರ, ಹಿಡಿ ದಪ್ಪ, 12 ಗುಂಡು ಹಿಡಿಯುತ್ತದೆ. ಸೇಫ್ಟಿ ಎರಡೂ ಕಡೆ ಇದೆ. ನಾನು ಎಡಚ, ನನಗೆ ಇದು ದೊಡ್ಡ ವಿಷಯ. 'ಉತ್ತಮ ಸ್ಥಿತಿ' ಎಂದು ಹತ್ತು ಡಾಲರ್ ಹೆಚ್ಚು ತೆಗೆದುಕೊಂಡ ಅಂಗಡಿಯವರು ಬಣ್ಣ ಎದ್ದುಹೋದದ್ದನ್ನು ಕಳಿಸಿದರು. ಆ ಸಿಟ್ಟು ಇನ್ನೂ ಇದೆ.

ಭಾನುವಾರ ಸಂಜೆ ಮೂರನ್ನೂ ಅಡುಗೆಮನೆ ಮೇಜಿಗೆ ತರುತ್ತೇನೆ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಎರಡು ಸಲ ನೋಡುತ್ತೇನೆ. ಟ್ರಿಗರ್ ಸುತ್ತಲಿನ ಬಳೆ ಕೆಳಗೆಳೆದು, ಸ್ಲೈಡನ್ನು ಹಿಂದಕ್ಕೆ ಜಗ್ಗಿ ಹಿಂಭಾಗ ಎತ್ತಿದರೆ ಸಾಕು, ಮೂರೂ ಒಂದೇ ರೀತಿ ಬಿಚ್ಚಿಕೊಳ್ಳುತ್ತವೆ. 1929ರ ವಾಲ್ಥರ್ ಪಿಪಿಯಿಂದ ಬಂದ ಕ್ರಮ ಇದು. ಅಗ್ಗದ ಹಳೇ ಗುಂಡು ಹಾರಿಸಿದ್ದರೆ ಮೊದಲು ಬಿಸಿನೀರು. ಅದರ ಪ್ರೈಮರ್ (ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಮದ್ದು) ಬಿಟ್ಟುಹೋಗುವ ಉಪ್ಪು ಎಣ್ಣೆಗೆ ಕರಗುವುದಿಲ್ಲ, ಮರುದಿನಕ್ಕೆ ತುಕ್ಕು ಹಿಡಿಸುತ್ತದೆ. ನೀರು ಆರಿದ ಮೇಲೆ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ. ಸಿಝಡ್ 82ರ ನಳಿಗೆಯೊಳಗೆ ಚೂಪು ಗೀರುಗಳಿಲ್ಲ, ಬೇಗ ಹೊಳೆಯುತ್ತದೆ. ಪಿ-64 ತಡ ಮಾಡಿಸುತ್ತದೆ, ಆದರೆ ಅದರ ಉಕ್ಕಿನ ಕಪ್ಪು ಮೆರುಗು ಮಿಕ್ಕ ಎರಡಕ್ಕೂ ಇಲ್ಲ.

ಹೀಗೆ ಒರೆಸುತ್ತಾ ಒರೆಸುತ್ತಾ ಪಿ-64 ಮೇಲಿನ ಬೇಸರ ಕಡಿಮೆಯಾಯಿತು. ಹೋದ ವರ್ಷ ಸುತ್ತಿಗೆಯ ಸ್ಪ್ರಿಂಗ್ ತೆಗೆದು ಮೆದುವಾದದ್ದು ಹಾಕಿದೆ. ಕೆಲವೇ ಡಾಲರ್ ಖರ್ಚು. ಟ್ರಿಗರ್ ಈಗ ಬೆರಳಿಗೆ ಬಗ್ಗುತ್ತದೆ. ಗಟ್ಟಿ ಪ್ರೈಮರಿನ ಹಳೇ ಗುಂಡು ಒಮ್ಮೊಮ್ಮೆ ಸಿಡಿಯುವುದಿಲ್ಲ, ಅಷ್ಟು ಮಾತ್ರ ತೊಂದರೆ.

ಗುರಿ ಅಭ್ಯಾಸಕ್ಕೆ ಒಂದೇ ಕೊಳ್ಳುವವರು ಸಿಝಡ್ 82 ತೆಗೆದುಕೊಳ್ಳಿ. ಪಿಎ-63 ನಾನು ಮಾರುತ್ತಿದ್ದೇನೆ. ಪಿ-64 ಮಾರುವುದಿಲ್ಲ. ಅದರ ಹಳೇ ಸ್ಪ್ರಿಂಗಿಗೂ ಎಣ್ಣೆ ಹಚ್ಚಿ ಡಬ್ಬಿಯಲ್ಲಿ ಜೊತೆಗೇ ಇಟ್ಟಿದ್ದೇನೆ.