ಓಪ್ಯಾಸಿಟಿನಾ, ಆರ್‌ಜಿಬಿಎನಾ? ಬ್ರೌಸರ್‌ಗೆ ಯಾವುದು ಹಗುರ

ಪಾಪಪ್ ತೆರೆದಾಗ ಪೇಜನ್ನು ಮಂಕು ಮಾಡುವ ಕಪ್ಪು ಪರದೆ ಇರುತ್ತದಲ್ಲ, ಅದನ್ನು ಮೂರು ರೀತಿ ಮಾಡಿ ನೋಡಿದೆ: ಓಪ್ಯಾಸಿಟಿ (ಇಡೀ ಡಬ್ಬವನ್ನು ತೆಳು ಮಾಡುವ ಸಿಎಸ್‌ಎಸ್ ಗುಣ), ಆರ್‌ಜಿಬಿಎ ಬಣ್ಣ (ಪಾರದರ್ಶಕತೆಯೂ ಸೇರಿದ ಬಣ್ಣ), ಬ್ಯಾಕ್‌ಡ್ರಾಪ್-ಫಿಲ್ಟರ್ (ಹಿಂದಿರುವುದನ್ನು ಮಸುಕು ಮಾಡುವುದು). ಮೊದಲೆರಡು ನೋಡೋಕೆ ಒಂದೇ ಥರ. ಬ್ರೌಸರ್ ಪಡುವ ಪಾಡು ಮಾತ್ರ ಬೇರೆ.

ಆರ್‌ಜಿಬಿಎ ಸರಳ. ಆ ಒಂದು ಬಣ್ಣ ಮಾತ್ರ ಅರೆಪಾರದರ್ಶಕ, ಅದನ್ನು ಕೆಳಗಿನ ಪಿಕ್ಸೆಲ್‌ಗಳ ಜೊತೆ ಬೆರೆಸಿದರೆ ಕೆಲಸ ಮುಗಿಯಿತು. ಓಪ್ಯಾಸಿಟಿ ಇಡೀ ಗುಂಪಿಗೆ ತಾಗುತ್ತದೆ. ಡಬ್ಬದೊಳಗೆ ಚಿತ್ರ, ಅದರ ಮೇಲೆ ಬಟನ್ ಇದ್ದರೆ, ಒಂದೊಂದನ್ನೇ ತೆಳು ಮಾಡುವ ಹಾಗಿಲ್ಲ. ಮಾಡಿದರೆ ಬಟನ್ ಮೂಲಕ ಚಿತ್ರ ಇಣುಕುತ್ತದೆ. ಹಾಗಾಗಿ ಎಲ್ಲವನ್ನೂ ಬೇರೆ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಬಿಡಿಸಿ, ಆಮೇಲೆ ಒಟ್ಟಿಗೆ ತೆಳು ಮಾಡಬೇಕು. ಕದಲದ ಪರದೆಗೆ ಇಷ್ಟೆಲ್ಲ ಯಾಕೆ? ಅಲ್ಲಿ ನನ್ನ ವೋಟು ಆರ್‌ಜಿಬಿಎಗೆ.

ಪರದೆ ನಿಧಾನವಾಗಿ ಮೂಡಬೇಕು ಅಂದರೆ ಲೆಕ್ಕ ತಿರುಗುತ್ತದೆ. ಬ್ರೌಸರಿನ ಡೆವ್‌ಟೂಲ್ಸ್‌ನಲ್ಲಿ, ಹೊಸದಾಗಿ ಬಿಡಿಸಿದ ಜಾಗವನ್ನು ಮಿನುಗಿಸಿ ತೋರಿಸುವ ಪೇಂಟ್ ಫ್ಲ್ಯಾಷಿಂಗ್ ಆನ್ ಮಾಡಿ ನೋಡಿದರೆ, ಆರ್‌ಜಿಬಿಎ ಬದಲಾಗುವಾಗ ಪರದೆ ಪೂರ್ತಿ ಹಸಿರು ಮಿನುಗುತ್ತಲೇ ಇತ್ತು, ಅಂದರೆ ಮತ್ತೆ ಮತ್ತೆ ಪೇಂಟ್ (ಪಿಕ್ಸೆಲ್‌ಗಳನ್ನು ಹೊಸದಾಗಿ ಬಿಡಿಸುವ ಕೆಲಸ). ಓಪ್ಯಾಸಿಟಿಯಲ್ಲಿ ಆ ಕಾಟ ಇರಲಿಲ್ಲ. ಒಮ್ಮೆ ಬಿಡಿಸಿದ ಲೇಯರನ್ನೇ ಕಂಪೋಸಿಟರ್ (ಲೇಯರ್‌ಗಳನ್ನು ಜೋಡಿಸುವ ಬ್ರೌಸರಿನ ಭಾಗ) ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುತ್ತದೆ. ಜಾವಾಸ್ಕ್ರಿಪ್ಟ್ ಬ್ಯುಸಿ ಇದ್ದರೂ ಸಿಎಸ್‌ಎಸ್‌ನಲ್ಲಿ ಬರೆದ ಈ ಅನಿಮೇಷನ್ ನಿಲ್ಲುವುದಿಲ್ಲ. 60 ಹರ್ಟ್ಸ್ ಸ್ಕ್ರೀನ್‌ನಲ್ಲಿ ಒಂದು ಫ್ರೇಮಿಗೆ ಸಿಗುವುದೇ ಸುಮಾರು 16.7 ಮಿಲಿಸೆಕೆಂಡು, ಅದರಲ್ಲಿ ಪೇಂಟ್ ಕೆಲಸ ತಪ್ಪಿದರೆ ದೊಡ್ಡ ಲಾಭವೇ.

ಹಾಗಂತ ಸುಮ್ನೆ ಎಲ್ಲ ಕಡೆ ವಿಲ್-ಚೇಂಜ್ (ಇದು ಬದಲಾಗಲಿದೆ, ಬೇರೆ ಲೇಯರ್ ಮಾಡಿಕೋ ಅಂತ ಬ್ರೌಸರ್‌ಗೆ ಕೊಡುವ ಸುಳಿವು) ಹಾಕಬೇಡಿ, ಲೇಯರ್‌ಗಳು ಮೆಮೊರಿ ತಿನ್ನುತ್ತವೆ. 1920×1080ರ ಒಂದು ಲೇಯರ್, ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ ಸುಮಾರು 8 ಎಂಬಿ. ಪಿಕ್ಸೆಲ್ ಸಾಂದ್ರತೆ ಎರಡರಷ್ಟಾದರೆ ಅದು ನಾಲ್ಕು ಪಟ್ಟು.

ಬ್ಯಾಕ್‌ಡ್ರಾಪ್-ಫಿಲ್ಟರ್ ಚೆಂದ, ಒಪ್ಪುತ್ತೇನೆ. ಆದರೆ ಹಿಂದಿನ ಪಿಕ್ಸೆಲ್‌ಗಳನ್ನು ಓದಿ ಮಸುಕು ಮಾಡಬೇಕು, ಹಿಂದೆ ಏನಾದರೂ ಅಲ್ಲಾಡಿದರೆ ಮತ್ತೆ ಅದೇ ಕೆಲಸ. ಹಳೆಯ ಫೋನಿನಲ್ಲಿ ಸ್ಕ್ರೋಲ್ ಮಾಡಿದಾಗ ತಡವರಿಸಿತು. ಸಣ್ಣ ಪಟ್ಟಿಗಾದರೆ ಸರಿ, ಇಡೀ ಪರದೆಗೆ ಬೇಡ.

ನನಗೆ ಜಾಸ್ತಿ ಇಷ್ಟವಾದ ಹೋಲಿಕೆ ಕ್ಯಾನ್ವಾಸ್‌ನದ್ದು, ಅಂದರೆ ಪೇಜಿನಲ್ಲಿ ಕೋಡ್‌ನಿಂದ ಚಿತ್ರ ಬಿಡಿಸುವ ಜಾಗದ್ದು. ಹಿನ್ನೆಲೆ ಪೂರ್ತಿ ತುಂಬಿದ ಆಟದ ದೃಶ್ಯ ಬಿಡಿಸುತ್ತಿದ್ದರೂ, ಬ್ರೌಸರ್ ಮಾತ್ರ ಕ್ಯಾನ್ವಾಸ್ ಪಾರದರ್ಶಕ ಇರಬಹುದು ಅಂತಲೇ ಹಿಡಿದು ಅದನ್ನು ಪೇಜಿನ ಜೊತೆ ಬೆರೆಸುತ್ತದೆ. 2ಡಿ ಕಾಂಟೆಕ್ಸ್ಟ್ (ಬಿಡಿಸಲು ಬಳಸುವ ವಸ್ತು) ಕೇಳುವಾಗಲೇ ಆಲ್ಫಾ ಫಾಲ್ಸ್, ಅಂದರೆ ಪಾರದರ್ಶಕತೆ ಬೇಡ, ಅಂತ ಕೊಟ್ಟರೆ ಆ ಅನುಮಾನ ಹೋಗುತ್ತದೆ. ಅದರ ಅಡಿ ಇರುವುದನ್ನು ಬಿಡಿಸುವುದನ್ನೇ ಬ್ರೌಸರ್ ಕೈಬಿಡಬಹುದು. ಕೆಲವು ಸ್ಕ್ರೀನ್‌ಗಳಲ್ಲಿ ಅಕ್ಷರವೂ ಚೂಪಾಗುತ್ತದೆ, ಯಾಕೆಂದರೆ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬೇರೆ ಬೇರೆಯಾಗಿ ಬಳಸುವ ಸಬ್‌ಪಿಕ್ಸೆಲ್ ವಿಧಾನಕ್ಕೆ ಹಿಂದಿನ ಬಣ್ಣ ಖಚಿತವಾಗಿ ಗೊತ್ತಿರಬೇಕು. ಒಂದೇ ಸಾಲಿನ ಬದಲಾವಣೆ ಇದು, ಆದರೂ ಎಷ್ಟೋ ಜನ ಬಳಸುವುದೇ ಇಲ್ಲ.

ಹೀಗೆ ಕೊಟ್ಟರೆ ಕ್ಯಾನ್ವಾಸ್ ಶುರುವಾಗುವುದು ಕಪ್ಪಾಗಿ. ಕ್ಲಿಯರ್‌ರೆಕ್ಟ್ ಆದೇಶದಿಂದ ಅಳಿಸಿದ ಜಾಗವೂ ಕಪ್ಪೇ. ಒಂದರ ಮೇಲೊಂದು ಕ್ಯಾನ್ವಾಸ್ ಪೇರಿಸುವವರು ತಳದ್ದಕ್ಕೆ ಮಾತ್ರ ಇದನ್ನು ಕೊಡಿ, ಮೇಲಿನವು ಪಾರದರ್ಶಕವಾಗಿಯೇ ಇರಲಿ.